ಗ್ರಾಫೀನ್: ಪ್ರಯೋಗಾಲಯದಿಂದ ಜನಜೀವನದೆಡೆಗೆ



ಅಕ್ಷರಾಭ್ಯಾಸಕ್ಕೆ ತೊಡಗಿದ ಮಗು ಹಾಳೆಯ ಮೇಲೆ ಪೆನ್ಸಿಲಿನಿಂದ ಎಳೆಯುವ ಗೆರೆ ತೀರ ಸಾಮಾನ್ಯವಾದ ಸಂಗತಿ. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಸವೆದು, ಅದರ ತೆಳುವಾದ ಚಕ್ಕೆಗಳು ಕಾಗದಕ್ಕೆ ಅಂಟಿಕೊಳ್ಳುವುದರಿಂದ ಆ ಗೆರೆ ಮೂಡುತ್ತದೆ. ಇದೇ ಗ್ರಾಫೈಟಿನಿಂದ ಬೇರ್ಪಡಿಸಿದ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಪದರ 2004ರಲ್ಲಿ ಭೌತವಿಜ್ಞಾನದಲ್ಲಿ ಹೊಸ ಅಧ್ಯಾಯವನ್ನೇ ತೆರೆಯಿತು. ಆ ಪದರಕ್ಕೆ ಗ್ರಾಫೀನ್ ಎಂದು ಹೆಸರು. ಅದನ್ನು ಬೇರ್ಪಡಿಸಿ ಅದರ ಗುಣಗಳನ್ನು ಅಳೆದು ತೋರಿಸಿದ ಕೀರ್ತಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ.

ಗ್ರಾಫೈಟ್ ಇಂಗಾಲದ ಒಂದು ರೂಪ. ಅದರಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯ ಜಾಲರಿಯಾಗಿ ಹೆಣೆದುಕೊಂಡಿರುತ್ತವೆ. ಒಂದು ಜಾಲರಿಯೊಳಗಿನ ಹೆಣಿಗೆ ಬಹಳ ಬಿಗಿ. ಆದರೆ ಜಾಲರಿಗೂ ಜಾಲರಿಗೂ ನಡುವಿನ ಸೆಳೆತ ತೀರ ಸಡಿಲ. ಆದ್ದರಿಂದಲೇ ಗ್ರಾಫೈಟ್ ಸುಲಭವಾಗಿ ಪದರಪದರವಾಗಿ ಜಾರುತ್ತದೆ, ಪೆನ್ಸಿಲ್ ಬರೆಯುತ್ತದೆ. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಇಂತಹ ಸುಮಾರು 30 ಲಕ್ಷ ಪದರಗಳು ಅಡಕವಾಗಿವೆ.

ಈ ಪದರದ ಕಲ್ಪನೆ ಹೊಸದೇನೂ ಅಲ್ಲ. ಅದರಲ್ಲಿ ಎಲೆಕ್ಟ್ರಾನುಗಳು ಹೇಗೆ ವರ್ತಿಸಬಹುದೆಂಬುದನ್ನು ಫಿಲಿಪ್ ವಾಲೇಸ್ 1947ರಲ್ಲಿಯೇ ಲೆಕ್ಕ ಹಾಕಿದ್ದರು. 1962ರಲ್ಲಿ ಜರ್ಮನಿಯ ಹಾನ್ಸ್ ಪೀಟರ್ ಬೋಮ್ ಅತಿ ತೆಳುವಾದ ಇಂಗಾಲದ ಹಾಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದರು. ಆದರೆ ಒಂದೇ ಪರಮಾಣುವಿನ ದಪ್ಪವುಳ್ಳ ಸ್ಫಟಿಕ ಉಷ್ಣದ ಕಂಪನಗಳಿಂದಾಗಿ ಸ್ಥಿರವಾಗಿ ನಿಲ್ಲಲಾರದೆಂಬ ವಾದವನ್ನು ಪೈಯರ್ಲ್ಸ್ ಮತ್ತು ಲ್ಯಾಂಡೌ ಅವರಂತಹ ಮೇಧಾವಿಗಳು 1930ರ ದಶಕದಲ್ಲಿಯೇ ಮಂಡಿಸಿದ್ದರು. ಹೀಗಾಗಿ ಅಂತಹ ಪದರವನ್ನು ಹಿಡಿದು ಅದರಲ್ಲಿ ವಿದ್ಯುತ್ ಹರಿಸುವ ಆಸೆಯನ್ನು ಬಹುಮಂದಿ ಇಟ್ಟುಕೊಂಡಿರಲಿಲ್ಲ.

ಆಂದ್ರೆ ಗೈಮ್ ಅವರು ರಷ್ಯಾದಲ್ಲಿ ಹುಟ್ಟಿ, ನೆದರ್ಲೆಂಡ್ಸಿನಲ್ಲಿ ಕೆಲಸ ಮಾಡಿ, 2001ರಲ್ಲಿ ಮ್ಯಾಂಚೆಸ್ಟರಿಗೆ ಬಂದವರು. ನೆದರ್ಲೆಂಡ್ಸಿನಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರೂ ಮ್ಯಾಂಚೆಸ್ಟರಿಗೆ ಬಂದು ಸೇರಿದರು. ನಿಯತ ಕೆಲಸದ ನಡುವೆ ಸ್ವಲ್ಪ ಕಾಲವನ್ನು, ಫಲದ ಖಾತರಿಯಿಲ್ಲದ ವಿಚಿತ್ರ ಪ್ರಯೋಗಗಳಿಗಾಗಿ ಮೀಸಲಿಡುವುದು ಗೈಮ್ ಅವರ ಪದ್ಧತಿ. ಅವುಗಳಿಗೆ ‘ಶುಕ್ರವಾರ ಸಂಜೆಯ ಪ್ರಯೋಗಗಳು’ ಎಂದೇ ಹೆಸರು. ಹಿಂದೆ ಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದಕ್ಕಾಗಿ ಅವರಿಗೆ 2000ದಲ್ಲಿ ‘ಇಗ್ ನೊಬೆಲ್’ ಎಂಬ ವಿನೋದದ ಬಹುಮಾನವೂ ದೊರೆತಿತ್ತು.

ಅಂತಹ ಪ್ರಯೋಗಗಳಲ್ಲೊಂದು ಗ್ರಾಫೈಟನ್ನು ಸಾಧ್ಯವಾದಷ್ಟು ತೆಳುವಾಗಿಸುವುದು. ಉಜ್ಜಿ ಸವೆಸಿದ ತುಣುಕು ಇನ್ನೂ ದಪ್ಪವಾಗಿಯೇ ಉಳಿಯಿತು. ಆಗ ನೆರವಿಗೆ ಬಂದದ್ದು ಕಸದ ಬುಟ್ಟಿಗೆ ಸೇರುತ್ತಿದ್ದ ಅಂಟುಟೇಪು. ಸೂಕ್ಷ್ಮದರ್ಶಕದ ಪರೀಕ್ಷೆಗೆ ಮುನ್ನ ಗ್ರಾಫೈಟಿನ ಮೇಲ್ಮೈಯನ್ನು ಶುಚಿಗೊಳಿಸಲು ಟೇಪನ್ನು ಅಂಟಿಸಿ ಕೀಳುವುದು ಪ್ರಯೋಗಾಲಯಗಳಲ್ಲಿ ರೂಢಿ. ಶುಚಿಯಾದ ಗ್ರಾಫೈಟನ್ನು ಎಲ್ಲರೂ ನೋಡುತ್ತಿದ್ದರು. ಟೇಪಿಗೆ ಅಂಟಿದ ಚಕ್ಕೆಗಳತ್ತ ಯಾರೂ ಗಮನ ಹರಿಸಿರಲಿಲ್ಲ. ಆ ಚಕ್ಕೆಗಳನ್ನು ಟೇಪಿನ ನಡುವೆ ಮತ್ತೆ ಮತ್ತೆ ಮಡಿಸಿ ಬಿಡಿಸಿದಾಗ ಅವು ಸೀಳುತ್ತ ಸೀಳುತ್ತ ಹೋದವು. ಸುಮಾರು 300 ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಲೇಪವುಳ್ಳ ಸಿಲಿಕಾನ್ ಬಿಲ್ಲೆಯ ಮೇಲೆ ಅವುಗಳನ್ನು ಒತ್ತಿದರೆ, ನೀರಿನ ಮೇಲಿನ ಎಣ್ಣೆಪೊರೆ ಬಣ್ಣ ತೋರುವಂತೆ, ಅತಿ ತೆಳುವಾದ ಪದರವೂ ಬಣ್ಣದ ಅಲ್ಪ ವ್ಯತ್ಯಾಸದಿಂದ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಗೋಚರಿಸುತ್ತದೆ. ಈ ಫಲಿತಾಂಶ 2004ರ ಅಕ್ಟೋಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮರುವರ್ಷವೇ ಮ್ಯಾಂಚೆಸ್ಟರಿನ ತಂಡ ಹಾಗೂ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಫಿಲಿಪ್ ಕಿಮ್ ಅವರ ತಂಡ ಇನ್ನೊಂದು ಸೋಜಿಗವನ್ನು ಹೊರಗೆಡಹಿದವು. ಗ್ರಾಫೀನಿನಲ್ಲಿ ಎಲೆಕ್ಟ್ರಾನುಗಳು ತಮಗೆ ದ್ರವ್ಯರಾಶಿಯೇ ಇಲ್ಲವೇನೋ ಎಂಬಂತೆ, ಬೆಳಕಿನ ವೇಗದ ಸುಮಾರು 300ರಲ್ಲಿ ಒಂದು ಪಾಲಿನಷ್ಟು ವೇಗದಲ್ಲಿ ಚಲಿಸುತ್ತವೆ. ಸಾಪೇಕ್ಷತಾ ಸಿದ್ಧಾಂತವೂ ಕ್ವಾಂಟಂ ವಿಜ್ಞಾನವೂ ಒಂದಾಗುವ ಸಮೀಕರಣಗಳನ್ನು ಹೀಗೆ ಮೇಜಿನ ಮೇಲಿನ ಪ್ರಯೋಗದಲ್ಲಿ ಪರೀಕ್ಷಿಸುವ ಅವಕಾಶ ಒದಗಿತು. ಗ್ರಾಫೀನಿನ ಬಲವೂ ಅಸಾಧಾರಣವಾದುದು. ಅದರಿಂದ ಒಂದು ಚದರ ಮೀಟರಿನ ಜೋಲಿಯನ್ನು ಹೆಣೆಯಲು ಸಾಧ್ಯವಾದರೆ, ಅದರ ತೂಕ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ. ಆದರೂ ಅದು ಸುಮಾರು 4 ಕಿಲೋಗ್ರಾಂ ಭಾರವನ್ನು ತಡೆಯಬಲ್ಲದು. ತನ್ನ ಮೇಲೆ ಬೀಳುವ ಬೆಳಕಿನಲ್ಲಿ ಶೇಕಡಾ 2.3ರಷ್ಟನ್ನು ಮಾತ್ರ ಅದು ಹೀರುತ್ತದೆ. 2010ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಗೈಮ್ ಮತ್ತು ನೊವೊಸೆಲೊವ್ ಅವರಿಗೆ ದೊರೆಯಿತು. ಆಗ ನೊವೊಸೆಲೊವ್ ಅವರ ವಯಸ್ಸು 36.

ಈ ಕಥೆಯಲ್ಲಿ ಭಾರತಕ್ಕೂ, ಕರ್ನಾಟಕಕ್ಕೂ ನಿಜವಾದ ಸಂಬಂಧವಿದೆ. ಕೈಯಲ್ಲಿರುವ ಚಕ್ಕೆ ಒಂದು ಪದರದ್ದೋ ಎರಡು ಪದರದ್ದೋ ಎಂಬುದನ್ನು ಅದಕ್ಕೆ ಹಾನಿಯಾಗದಂತೆ ತಿಳಿಯಲು ಜಗತ್ತಿನೆಲ್ಲೆಡೆ ಬಳಸುವ ಪ್ರಮುಖ ವಿಧಾನ ರಾಮನ್ ರೋಹಿತ ವಿಧಾನ. ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಸಿ.ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದು, ಮುಂದೆ ಬೆಂಗಳೂರಿನಲ್ಲಿ ಬೆಳೆಸಿದ ವಿದ್ಯೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್ ಅವರ ತಂಡ 2008ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರೊಡನೆ ಸೇರಿ, ಗ್ರಾಫೀನ್ ಟ್ರಾನ್ಸಿಸ್ಟರಿನಲ್ಲಿ ವಿದ್ಯುದಂಶಗಳ ಪ್ರಮಾಣ ಏರಿಳಿಯುವುದನ್ನು ಇದೇ ವಿಧಾನದಿಂದ ಅಳೆದು ತೋರಿಸಿತು.

ಶೋಧವಾಯಿತು, ಪ್ರಶಸ್ತಿಯೂ ಬಂದಿತು. ಹಾಗಾದರೆ ಜನಸಾಮಾನ್ಯರಿಗೆ ಅದರಿಂದ ಏನು ದೊರೆಯಿತು ಎಂಬ ಪ್ರಶ್ನೆ ಏಳುವುದು ಸಹಜ. ಈ ಪ್ರಶ್ನೆ ಕೇಳುವ ಹಕ್ಕೂ ಜನರಿಗಿದೆ; ಏಕೆಂದರೆ ಸಂಶೋಧನೆಯ ವೆಚ್ಚದ ದೊಡ್ಡ ಪಾಲು ತೆರಿಗೆಯ ಹಣ. ಯೂರೋಪಿನ ಒಕ್ಕೂಟ 2013ರಲ್ಲಿ ಗ್ರಾಫೀನಿಗಾಗಿ 10 ವರ್ಷಗಳ, 100 ಕೋಟಿ ಯೂರೋ ಮೊತ್ತದ ಯೋಜನೆಯನ್ನು ಕೈಗೊಂಡಿತು. ಮ್ಯಾಂಚೆಸ್ಟರಿನಲ್ಲಿ 6 ಕೋಟಿ 10 ಲಕ್ಷ ಪೌಂಡ್ ವೆಚ್ಚದ ರಾಷ್ಟ್ರೀಯ ಗ್ರಾಫೀನ್ ಸಂಸ್ಥೆ 2015ರಲ್ಲಿ ಆರಂಭವಾಯಿತು. ಇನ್ನೇನು ಸಿಲಿಕಾನಿನ ಕಾಲ ಮುಗಿಯಿತು ಎಂಬ ಮಾತುಗಳೂ ಆಗ ಕೇಳಿಬಂದವು.

ಸಿಲಿಕಾನಿನ ಕಾಲ ಮುಗಿಯಲಿಲ್ಲ. ಅದಕ್ಕೆ ಕಾರಣ ಗ್ರಾಫೀನಿನ ಗುಣದಲ್ಲಿಯೇ ಇದೆ. ಗಣಕಯಂತ್ರದ ಟ್ರಾನ್ಸಿಸ್ಟರ್ ವಿದ್ಯುತ್ತಿನ ಹರಿವನ್ನು ತೆರೆಯಬೇಕು, ಅಷ್ಟೇ ಖಚಿತವಾಗಿ ಮುಚ್ಚಲೂಬೇಕು. ಗ್ರಾಫೀನಿನಲ್ಲಿ ಎಲೆಕ್ಟ್ರಾನುಗಳಿಗೆ ತಡೆಯೊಡ್ಡುವ ಶಕ್ತಿಯ ಅಂತರ ಇಲ್ಲದಿರುವುದರಿಂದ ಹರಿವು ಪೂರ್ತಿ ನಿಲ್ಲುವುದೇ ಇಲ್ಲ. ತೂಬು ಇಲ್ಲದ ಕೆರೆಯ ಕೋಡಿಯಂತೆ ಅದು ಹರಿಯುತ್ತಲೇ ಇರುತ್ತದೆ. ಟೇಪಿನಿಂದ ಬಿಡಿಸಿದ ಚಕ್ಕೆ ಅತ್ಯುತ್ತಮವಾದರೂ ಬಹು ಚಿಕ್ಕದು. ತಾಮ್ರದ ಹಾಳೆಯ ಮೇಲೆ ಅನಿಲದಿಂದ ವಿಸ್ತಾರವಾದ ಗ್ರಾಫೀನನ್ನು ಬೆಳೆಸುವ ವಿಧಾನ 2009ರಲ್ಲಿ ಸಿದ್ಧಿಸಿತಾದರೂ, ಅದನ್ನು ಹರಿಯದಂತೆ, ಸುಕ್ಕುಗಟ್ಟದಂತೆ ಬೇರೆಡೆಗೆ ವರ್ಗಾಯಿಸುವುದು ಕಷ್ಟದ ಕೆಲಸವಾಯಿತು.

ಇದಕ್ಕಿಂತ ಗಂಭೀರವಾದ ತೊಡಕು ಪ್ರಾಮಾಣಿಕತೆಗೆ ಸಂಬಂಧಿಸಿದ್ದು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜಗತ್ತಿನ 60 ಉತ್ಪಾದಕರ ಮಾದರಿಗಳನ್ನು ಪರೀಕ್ಷಿಸಿ, ಅದರ ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ಗ್ರಾಫೀನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಪುಡಿಗಳ ಪೈಕಿ ಬಹುಪಾಲಿನಲ್ಲಿ ಶೇಕಡಾ 10ರಷ್ಟೂ ಗ್ರಾಫೀನ್ ಇರಲಿಲ್ಲ; ಉಳಿದದ್ದು ನುಣುಪಾದ ಗ್ರಾಫೈಟ್ ಪುಡಿ, ಅಷ್ಟೆ. ಹೆಸರನ್ನು ನಂಬಿ ಕೊಂಡವನ ಪ್ರಯೋಗ ವಿಫಲವಾದರೆ ದೋಷ ಗ್ರಾಫೀನಿನದ್ದೆಂದೇ ಜನ ತಿಳಿಯುವರು. ಆದ್ದರಿಂದ ಪದರಗಳನ್ನು ಎಣಿಸುವ, ಗುಣಮಟ್ಟವನ್ನು ನಿಗದಿಪಡಿಸುವ ಕೆಲಸ ಹೊಸ ಶೋಧದಷ್ಟೇ ಮುಖ್ಯವಾದುದು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ 2017ರಲ್ಲಿ ಗ್ರಾಫೀನಿಗೆ ಸಂಬಂಧಿಸಿದ ಪದಗಳ ಅರ್ಥವನ್ನು ನಿಗದಿಪಡಿಸಿದ್ದು ಈ ದಿಸೆಯಲ್ಲಿ ಇಟ್ಟ ಹೆಜ್ಜೆ.

ಹಾಗೆಂದು ಶ್ರಮ ವ್ಯರ್ಥವಾಗಿಲ್ಲ. ಗ್ರಾಫೀನ್ ಬೆರೆಸಿದ ಪ್ಲಾಸ್ಟಿಕ್ ಮತ್ತು ರಬ್ಬರ್, ತುಕ್ಕು ತಡೆಯುವ ಲೇಪಗಳು, ಕ್ರೀಡಾ ಸಾಮಗ್ರಿಗಳು ಮಾರುಕಟ್ಟೆಗೆ ಬಂದಿವೆ. ಮ್ಯಾಂಚೆಸ್ಟರಿನಲ್ಲಿ ಭಾರತೀಯ ಮೂಲದ ರಾಹುಲ್ ನಾಯರ್ ಅವರ ತಂಡ, ನೀರನ್ನು ಬಿಟ್ಟು ಉಪ್ಪಿನ ಬಹುಭಾಗವನ್ನು ತಡೆಯುವ ಗ್ರಾಫೀನ್ ಆಕ್ಸೈಡಿನ ಜರಡಿಯನ್ನು 2017ರಲ್ಲಿ ತೋರಿಸಿತು. ಕುಡಿಯುವ ನೀರಿನ ಅಭಾವವುಳ್ಳ ಕರಾವಳಿ ನಗರಗಳಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. 2018ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯವರು ಎರಡು ಪದರಗಳನ್ನು ಸುಮಾರು 1.1 ಡಿಗ್ರಿ ಕೋನದಲ್ಲಿ ತಿರುಚಿ ಜೋಡಿಸಿದಾಗ, ಅತಿ ಶೀತದಲ್ಲಿ ಅವು ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡದ ಅತಿವಾಹಕವಾದವು. 2024ರಲ್ಲಿ ಅಮೆರಿಕದ ಜಾರ್ಜಿಯಾ ತಂತ್ರವಿಜ್ಞಾನ ಸಂಸ್ಥೆ ಮತ್ತು ಚೀನಾದ ತಿಯಾನ್‌ಜಿನ್ ವಿಶ್ವವಿದ್ಯಾಲಯದ ಸಂಶೋಧಕರು, ಸಿಲಿಕಾನ್ ಕಾರ್ಬೈಡಿನ ಮೇಲೆ ಬೆಳೆಸಿದ ಇಂಗಾಲದ ಪದರದಲ್ಲಿ ಹಿಂದೆ ಇಲ್ಲದಿದ್ದ ಆ ಶಕ್ತಿಯ ಅಂತರವನ್ನು ಸಾಧಿಸಿದರು. 2025ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಜಪಾನಿನವರ ಸಹಯೋಗದೊಡನೆ, ಅತಿ ಶುದ್ಧ ಗ್ರಾಫೀನಿನಲ್ಲಿ ಎಲೆಕ್ಟ್ರಾನುಗಳು ದ್ರವದಂತೆ ಹರಿಯುವಾಗ ಶಾಖದ ಹಾಗೂ ವಿದ್ಯುತ್ತಿನ ಹರಿವುಗಳ ನಡುವಿನ ಹಳೆಯ ನಿಯಮವೊಂದು 200 ಪಟ್ಟಿಗೂ ಮಿಗಿಲಾಗಿ ತಪ್ಪುವುದನ್ನು ದಾಖಲಿಸಿದರು.

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಕೇರಳದ ಕೊಚ್ಚಿಯಲ್ಲಿ ಗ್ರಾಫೀನಿಗಾಗಿಯೇ ಒಂದು ನಾವೀನ್ಯ ಕೇಂದ್ರ ಸ್ಥಾಪಿತವಾಗಿದೆ. ಅಲ್ಲಿ ಸರ್ಕಾರಿ ಪ್ರಯೋಗಾಲಯ, ವಿಶ್ವವಿದ್ಯಾಲಯ ಮತ್ತು ಉಕ್ಕಿನ ಉದ್ಯಮ ಕೈಜೋಡಿಸಿವೆ.

ಹೊಸ ವಸ್ತುವೊಂದು ಮನೆಬಾಗಿಲಿಗೆ ಬರಲು ಕಾಲ ಬೇಕು. ದ್ರವ ಸ್ಫಟಿಕಗಳು 1888ರಲ್ಲಿ ಪತ್ತೆಯಾದವು. ಕೈಗಡಿಯಾರದ ಮುಖದ ಮೇಲೆ ಅಂಕಿಗಳಾಗಿ ಅವು ಮೂಡಿದ್ದು 1970ರ ದಶಕದಲ್ಲಿ. ಆ ಲೆಕ್ಕದಲ್ಲಿ ಗ್ರಾಫೀನ್ ಇನ್ನೂ ಎಳೆಯದು. ಪವಾಡದ ವಸ್ತುವೆಂದು ಹೊಗಳಿ, ನಾಲ್ಕು ವರ್ಷಗಳ ಬಳಿಕ ನಿಷ್ಪ್ರಯೋಜಕವೆಂದು ಕೈಬಿಡುವುದು ಎರಡೂ ಸಲ್ಲ. ಪ್ರಯೋಗಾಲಯದಲ್ಲಿ ಸಿದ್ಧವಾದದ್ದು ಯಾವುದು, ಕಾರ್ಖಾನೆಯಲ್ಲಿ ಸಾಧ್ಯವಾದದ್ದು ಯಾವುದು ಎಂಬ ಭೇದವನ್ನು ಅರಿತ ನಾಗರಿಕನೇ ವಿಜ್ಞಾನಕ್ಕೆ ನಿಜವಾದ ಆಸರೆ. ಫಲದ ಖಾತರಿಯಿಲ್ಲದ ಪ್ರಶ್ನೆಗೂ ಎಡೆಗೊಡುವ ವಿಶ್ವವಿದ್ಯಾಲಯ, ಸುಳ್ಳು ಹೇಳದ ಅಳತೆ, ತಾಳ್ಮೆಯುಳ್ಳ ಸಮಾಜ — ಇವು ಮೂರೂ ಕೂಡಿದಲ್ಲಿ, ಕಸದ ಬುಟ್ಟಿಯ ಟೇಪಿನಲ್ಲಿಯೂ ಸಂಪತ್ತು ದೊರೆಯಬಲ್ಲದು.