ಎಣಿಕೆ ಮುಗಿಯುವ ಮುಂಚೆಯೇ ತಲೆಬರಹ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಸಹಕಾರ ತತ್ವದ ಬಗ್ಗೆ ಮಾತಾಡೋಕೆ ಮೂರು ಜನ ಇದ್ದಾರೆ. ನೀವು ಸ್ವಲ್ಪ ನಗಿಸಿ, ಸಾಕು" ಅಂದರು. ಊಟಕ್ಕೆ ಮುಂಚೆ ಮಾತಾಡುವವನ ಕಷ್ಟ ದೇವರಿಗೇ ಪ್ರೀತಿ. ಆ ಕಡೆಯಿಂದ ಸಾರಿನ ಒಗ್ಗರಣೆ ವಾಸನೆ ಬರ್ತಾ ಇದೆ. ಆದ್ದರಿಂದ ಬೇಗ ಮುಗಿಸುತ್ತೇನೆ.

ಮೇಷ್ಟ್ರಾಗಿದ್ದವನಿಗೆ ತಪ್ಪು ಹುಡುಕುವ ಚಟ ಬಿಡುವುದಿಲ್ಲ. ನಿವೃತ್ತಿಯಾದ ಮೇಲೆ ತಿದ್ದೋಕೆ ಮಕ್ಕಳ ಕಾಪಿ ಪುಸ್ತಕ ಇಲ್ಲ. ಹಾಗಾಗಿ ಹಳೇ ಪತ್ರಿಕೆಗಳ ತಲೆಬರಹ ಓದುತ್ತಾ ಕೂರುತ್ತೇನೆ. ಎರಡನೇ ಮಹಾಯುದ್ಧ 1945ರಲ್ಲಿ ಮುಗಿಯಿತಲ್ಲ, ಆಮೇಲಿನ ಕೆಲವು ವರ್ಷದ ತಲೆಬರಹಗಳು ಬಹಳ ಸ್ವಾರಸ್ಯ. ಯುದ್ಧಕಾಲದಲ್ಲಿ ದಿನಾ ದೊಡ್ಡಕ್ಷರ ಹಾಕಿ ಪತ್ರಿಕೆಯವರಿಗೆ ಅಭ್ಯಾಸವಾಗಿತ್ತು, ಓದಿ ಓದಿ ಜನಕ್ಕೂ ಅಭ್ಯಾಸವಾಗಿತ್ತು.

ಮೊದಲನೆಯದು 1947ರ ಜುಲೈ 8ರದು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ರಾಸ್‌ವೆಲ್ ಅಂತ ಒಂದು ಸಣ್ಣ ಊರು. ಅಲ್ಲಿಯ ಪತ್ರಿಕೆ ಮುಖಪುಟದಲ್ಲಿ ದೊಡ್ಡದಾಗಿ ಹಾಕಿತು: ಸೇನೆಯ ವಿಮಾನ ನೆಲೆಯವರು ಹಾರುವ ತಟ್ಟೆಯನ್ನೇ ಹಿಡಿದಿದ್ದಾರೆ! ಸಿಕ್ಕಿದ್ದು ಏನು ಅಂತೀರಿ? ಒಬ್ಬ ರೈತನ ಹುಲ್ಲುಗಾವಲಿನಲ್ಲಿ ಹರಿದ ರಬ್ಬರು, ಬೆಳ್ಳಿ ಕಾಗದ, ಕಡ್ಡಿ, ಅಂಟು ಟೇಪು. ನಮ್ಮೂರ ಜಾತ್ರೆಯ ಮಾರನೇ ದಿನ ಮೈದಾನದಲ್ಲಿ ಬಿದ್ದಿರುತ್ತಲ್ಲ, ಅದೇ ಸಾಮಾನು. ಮರುದಿನ ಅದೇ ಪತ್ರಿಕೆಯಲ್ಲಿ, ಅದು ತಟ್ಟೆ ಅಲ್ಲ, ಹವಾಮಾನದ ಬೆಲೂನು ಅಂತ ಸೇನೆಯವರ ಹೇಳಿಕೆ. ಜೊತೆಗೆ ಇನ್ನೊಂದು ತಲೆಬರಹ: ತಟ್ಟೆ ಕಂಡ ರೈತನಿಗೆ ಯಾಕಾದರೂ ಹೇಳಿದೆನೋ ಎಂಬ ಪಶ್ಚಾತ್ತಾಪ! ಇನ್ನು ಮೇಲೆ ಬಾಂಬು ಬಿಟ್ಟು ಬೇರೇನು ಸಿಕ್ಕಿದರೂ ಬಾಯಿ ಬಿಡೋದಿಲ್ಲ ಅನ್ನುವ ಅರ್ಥದಲ್ಲಿ ಆ ಪುಣ್ಯಾತ್ಮ ಹೇಳಿದ. 1994ರಲ್ಲಿ ಅಮೆರಿಕದ ವಾಯುಪಡೆಯೇ ವರದಿ ಕೊಟ್ಟಿತು. ರಷ್ಯಾದವರ ಅಣುಬಾಂಬ್ ಪರೀಕ್ಷೆಯ ಸದ್ದು ಪತ್ತೆ ಮಾಡಲು ಗುಟ್ಟಾಗಿ ಹಾರಿಸಿದ ಬೆಲೂನಿನ ಅವಶೇಷ ಅದು ಅಂತ. ವಿಷಯ ಹೊರಗೆ ಬರೋಕೆ 47 ವರ್ಷ ಬೇಕಾಯಿತು. ತಟ್ಟೆಯ ಕಥೆ ಮಾತ್ರ ಇವತ್ತಿಗೂ ಹಾರಾಡ್ತಾನೇ ಇದೆ.

ಇನ್ನೊಂದು ಸುದ್ದಿ ಇಂಗ್ಲೆಂಡಿನದು. ಯುದ್ಧ ಗೆದ್ದರೂ ಅವರಿಗೆ ರೇಷನ್ ತಪ್ಪಲಿಲ್ಲ. ಯುದ್ಧ ನಡೆಯುವಾಗ ಬ್ರೆಡ್ಡಿಗೆ ರೇಷನ್ ಇರಲಿಲ್ಲ. ಗೆದ್ದ ಮೇಲೆ, 1946ರ ಜುಲೈನಲ್ಲಿ ಬಂತು! ನಮ್ಮ ಸೊಸೈಟಿ ಮುಂದೆ ಸಕ್ಕರೆ, ಸೀಮೆಎಣ್ಣೆಗೆ ಸಾಲು ನಿಂತವರಿಗೆ ಅವರ ಕಷ್ಟ ಅರ್ಥವಾಗುತ್ತೆ. 1949ರ ಏಪ್ರಿಲ್‌ನಲ್ಲಿ ಮಿಠಾಯಿ ಮೇಲಿನ ರೇಷನ್ ರದ್ದಾಯಿತು. ಸುದ್ದಿ ನಿಜವೇ. ಆದರೆ ಅದನ್ನು ಓದಿದವರೆಲ್ಲ ಒಟ್ಟಿಗೆ ಅಂಗಡಿಗೆ ನುಗ್ಗಿದರು. ಇದ್ದ ಮಿಠಾಯಿ ಸಾಲದೆ ಆಗಸ್ಟಿನಲ್ಲಿ ಮತ್ತೆ ರೇಷನ್! ಪೂರ್ತಿ ಬಿಡುಗಡೆ ಆದದ್ದು 1953ರ ಫೆಬ್ರವರಿ 5ಕ್ಕೆ. ಎಲ್ಲರೂ ಒಟ್ಟಿಗೆ ಓಡಿದರೆ ನಿಜವಾದ ಸುದ್ದಿಯೂ ಸುಳ್ಳಾಗುತ್ತದೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಈಗ ತಲೆಬರಹಗಳ ಮಹಾರಾಜನಿಗೆ ಬರೋಣ. 1948ರ ನವೆಂಬರ್ 2, ಅಮೆರಿಕದ ಅಧ್ಯಕ್ಷರ ಚುನಾವಣೆ. ನಮ್ಮ ಪ್ರಜಾವಾಣಿ ಶುರುವಾಗಿ ಆಗ ಮೂರು ವಾರವೂ ತುಂಬಿರಲಿಲ್ಲ, ಅಷ್ಟು ಹಿಂದಿನ ಮಾತು. ಅಧಿಕಾರದಲ್ಲಿದ್ದವರು ಹ್ಯಾರಿ ಟ್ರೂಮನ್, ಎದುರಾಳಿ ಥಾಮಸ್ ಡ್ಯೂಯಿ. ಡ್ಯೂಯಿ ಗೆದ್ದೇ ಗೆಲ್ತಾರೆ ಅಂತ ಪಂಡಿತರೆಲ್ಲ ಷರಾ ಬರೆದಿದ್ದರು. ಜನರ ಅಭಿಪ್ರಾಯ ಕೇಳುವ ಸಮೀಕ್ಷೆಯವರಲ್ಲಿ ಒಬ್ಬರು, ಇನ್ನು ಕೇಳೋದೇನಿದೆ ಅಂತ ಸೆಪ್ಟೆಂಬರಿನಲ್ಲೇ ಗಂಟುಮೂಟೆ ಕಟ್ಟಿದ್ದರು.

ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯಲ್ಲಿ ಆಗ ಅಚ್ಚುಮೊಳೆ ಕೆಲಸಗಾರರ ಮುಷ್ಕರ. ಸುದ್ದಿಯನ್ನು ಟೈಪು ಮಾಡಿ, ಅದರ ಫೋಟೋ ತೆಗೆದು ಅಚ್ಚು ಹಾಕಬೇಕಾಗಿತ್ತು. ಅದಕ್ಕೆ ಹೊತ್ತು ಹಿಡಿಯುವುದರಿಂದ ಪತ್ರಿಕೆ ಕೆಲವು ಗಂಟೆ ಮುಂಚೆಯೇ ಅಚ್ಚಿಗೆ ಹೋಗಬೇಕು. ಎಣಿಕೆ ಇನ್ನೂ ನಡೀತಾ ಇದೆ. ಏನು ಮಾಡೋದು? ತಮ್ಮ ವಾಷಿಂಗ್ಟನ್ ವರದಿಗಾರರನ್ನು ನಂಬಿದರು. ಹಿಂದಿನ ಐದು ಚುನಾವಣೆಯಲ್ಲಿ ನಾಲ್ಕನ್ನು ಸರಿಯಾಗಿ ಹೇಳಿದ್ದ ಅನುಭವಸ್ಥರು ಅವರು. ಅವರು ಡ್ಯೂಯಿ ಅಂದರು. "ಟ್ರೂಮನ್‌ರನ್ನು ಸೋಲಿಸಿದ ಡ್ಯೂಯಿ" ಅಂತ ಮುಖಪುಟದ ತುಂಬ ತಲೆಬರಹ! ಸುಮಾರು ಒಂದೂವರೆ ಲಕ್ಷ ಪ್ರತಿ ಅಚ್ಚಾದವು. ಅವಸರ ಎಷ್ಟಿತ್ತು ಅಂದರೆ, ಕೆಲವು ಸಾಲು ತಲೆಕೆಳಗಾಗಿ ಕೂತಿದ್ದವು.

ಎಣಿಕೆ ಮುಗಿದಾಗ ಟ್ರೂಮನ್‌ಗೆ 303 ಎಲೆಕ್ಟೋರಲ್ ಮತ, ಡ್ಯೂಯಿಗೆ 189. ಎರಡು ದಿನದ ಮೇಲೆ ಸೇಂಟ್ ಲೂಯಿಸ್ ರೈಲ್ವೆ ಸ್ಟೇಷನ್ನಿನಲ್ಲಿ ಟ್ರೂಮನ್ ಆ ಪತ್ರಿಕೆಯನ್ನು ಎತ್ತಿ ಹಿಡಿದು, ಬಾಯ್ತುಂಬ ನಗುತ್ತಾ ನಿಂತರು. ಆ ಫೋಟೋ ಇಡೀ ಜಗತ್ತು ಸುತ್ತಿತು.

ನಗಬೇಡಿ ಸ್ವಾಮಿ. ಪಂಚಾಯ್ತಿ ಚುನಾವಣೆಯಲ್ಲಿ ಎಣಿಕೆಗೆ ಮುಂಚೆಯೇ ಪಟಾಕಿ ಹಚ್ಚಿ, ಆಮೇಲೆ ಹಾರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಿತ್ತಲ ದಾರಿಯಲ್ಲಿ ಮನೆ ಸೇರಿದವರು ನಮ್ಮಲ್ಲೂ ಇದ್ದಾರೆ. ಹೆಸರು ಬೇಡ. ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಬಂಧುಗಳೇ, ಒಂದು ತಲೆಬರಹ ನಮ್ಮೂರಲ್ಲೂ ಹುಟ್ಟಿತ್ತು. ಹಿರಿಯರಿಗೆ ನೆನಪಿರಬೇಕು. ಆ ವರ್ಷ ಮಳೆ ತಡವಾಗಿತ್ತು, ಸಾಲ ವಸೂಲಿ ನಿಂತಿತ್ತು, ಆಡಿಟ್ಟೂ ತಡವಾಗಿತ್ತು. ಹೋಟೆಲಿನಲ್ಲಿ ಯಾರೋ ಬೆಳಗ್ಗೆ ಟೀ ಕುಡೀತಾ "ಸಂಘ ಮುಳುಗಬಹುದೇನೋ" ಅಂದರು. ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಅದು "ಮುಳುಗ್ತದಂತೆ" ಆಯಿತು. ದೀಪ ಹಚ್ಚುವ ಹೊತ್ತಿಗೆ "ಮುಳುಗಿತು" ಆಯಿತು! ಮಾರನೇ ಬೆಳಗ್ಗೆ ಸಂಘದ ಮುಂದೆ ಠೇವಣಿ ಇಟ್ಟವರ ಸಾಲು. ಆ ಸಾಲಿನಲ್ಲಿ ನಾನೂ ಇದ್ದೆ. ಪಾಠ ಹೇಳೋ ಮೇಷ್ಟ್ರು, ಕಂಕುಳಲ್ಲಿ ಪಾಸ್‌ಬುಕ್ ಇಟ್ಟುಕೊಂಡು! ಇವತ್ತು ಹೇಳೋಕೆ ನಾಚಿಕೆಯಾಗುತ್ತೆ.

ಆಗಿನ ಕಾರ್ಯದರ್ಶಿಗಳು ಬಾಗಿಲು ಹಾಕಲಿಲ್ಲ. ಮೇಜನ್ನು ಜಗಲಿಗೆ ತಂದರು. ಖಾತೆ ಪುಸ್ತಕ ಬಿಚ್ಚಿ, ಠೇವಣಿ ಎಷ್ಟು, ಸಾಲ ಎಷ್ಟು, ಕೈಯಲ್ಲಿರೋ ನಗದು ಎಷ್ಟು ಅಂತ ಗಟ್ಟಿಯಾಗಿ ಓದಿದರು. ನನ್ನ ಮುಂದೆ ಇದ್ದ ಅಜ್ಜಿ, "ಅದೆಲ್ಲ ನಂಗೊತ್ತಾಗಲ್ಲ ಕಣಪ್ಪ. ನನ್ನ ದುಡ್ಡು ಎಲ್ಲೈತೆ ಹೇಳು" ಅಂದಳು. ಅವರು, "ಅಜ್ಜಿ, ನಿನ್ನ ದುಡ್ಡು ನಿನ್ನ ಪಕ್ಕದ ಹೊಲದಲ್ಲಿ ರಾಗಿಯಾಗಿ ನಿಂತೈತೆ. ಇವತ್ತೇ ಕೊಡು ಅಂದ್ರೆ ಹಸೀ ಪೈರು ಕೊಯ್ದು ಕೊಡಬೇಕಾಯ್ತದೆ" ಅಂದರು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, ಪಾಸ್‌ಬುಕ್ ಸೆರಗಿಗೆ ಕಟ್ಟಿಕೊಂಡು, "ಹಂಗಾದ್ರೆ ಕುಯ್ಲಾಗ್ಲಿ ಬಿಡು" ಅಂತ ಹೊರಟಳು. ಅವಳ ಹಿಂದೆ ನಾನೂ ಹೊರಟೆ. ಸಾಲು ಕರಗಿತು.

ಅಂದು ನಾವೆಲ್ಲ ಹಟ ಹಿಡಿದು ನಿಂತಿದ್ದರೆ, ಸಂಘ ನಿಜವಾಗಿಯೂ ಮುಳುಗುತ್ತಿತ್ತು. ಇಂಗ್ಲೆಂಡಿನ ಮಿಠಾಯಿಯ ಕಥೆಯೇ ಆಗುತ್ತಿತ್ತು. ಇವತ್ತು ಈ ಚಪ್ಪರ, ಈ ಊಟ ಯಾವುದೂ ಇರುತ್ತಿರಲಿಲ್ಲ.

ಈಗ ಮಧ್ಯಾಹ್ನದ ಬಸ್ಸಿಗೂ ಕಾಯಬೇಕಾಗಿಲ್ಲ. ಜೇಬಿನ ಮೊಬೈಲಿನಲ್ಲಿ ನಿಮಿಷಕ್ಕೊಂದು ತಲೆಬರಹ ಹುಟ್ಟುತ್ತದೆ. ಸಂಘದ ಮೇಲೆ ಅನುಮಾನ ಪಡಬೇಡಿ ಅಂತ ನಾನು ಹೇಳುವುದಿಲ್ಲ. ಪಡಿ, ಅದು ಸದಸ್ಯನ ಹಕ್ಕು. ಆದರೆ ಹೋಟೆಲಿನಲ್ಲಿ ಬೇಡ, ಸರ್ವಸದಸ್ಯರ ಸಭೆಗೆ ಬಂದು ಲೆಕ್ಕ ಕೇಳಿ. ಆಡಳಿತ ಮಂಡಳಿಯವರಿಗೂ ಒಂದು ಮಾತು: ಕೇಳಿದ ದಿನ ಮೇಜನ್ನು ಜಗಲಿಗೆ ತನ್ನಿ.

ಎಲೆ ಹಾಕಿದ್ದಾರೆ ಅಂತ ಕಾರ್ಯದರ್ಶಿಗಳು ಸನ್ನೆ ಮಾಡ್ತಾ ಇದ್ದಾರೆ. ಈ ಸುದ್ದಿ ಮಾತ್ರ ನಿಜ, ವಾಸನೆಯೇ ಸಾಕ್ಷಿ. ಆದರೆ ದಯವಿಟ್ಟು ಎಲ್ಲರೂ ಒಟ್ಟಿಗೆ ಓಡಬೇಡಿ!