ಬಾಯಾರಿದ ಕಾಗೆಯೂ ಕಂಪ್ಯೂಟರ್ ಪಾಠವೂ

(ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ನಾನು ಕಂಪ್ಯೂಟರ್ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ಆಶ್ಚರ್ಯವೆನಿಸಬಹುದು. ಕಾರಣ ಹೇಳುತ್ತೇನೆ. ನಮ್ಮ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಪ್ರೋಗ್ರಾಮಿಂಗ್ ಎಂಬುದು ಇಂಗ್ಲಿಷ್ ಬಲ್ಲವರ ಸೊತ್ತು ಎಂಬ ನಂಬಿಕೆ ಬೇರೂರಿದೆ. ಎಂಟನೆಯ ತರಗತಿಯಲ್ಲಿ ಹೀಗೆ ನಂಬಿ ಹಿಂದೆ ಸರಿದ ಮಗು ಪಿ.ಯು.ಸಿ.ಗೆ ಹೋದಾಗ ಆ ಬಾಗಿಲ ಕಡೆ ತಿರುಗಿಯೂ ನೋಡುವುದಿಲ್ಲ. ಈ ನಂಬಿಕೆ ತಪ್ಪು ಎಂದು ತೋರಿಸುವುದೇ ನನ್ನ ಈ ಮಾತುಗಳ ಉದ್ದೇಶ.

ಪ್ರೋಗ್ರಾಂ ಎಂದರೇನು? ಒಂದು ಕೆಲಸವನ್ನು ಹಂತಹಂತವಾಗಿ, ಕ್ರಮ ತಪ್ಪದೆ ಹೇಳುವುದು. ಇದಕ್ಕೆ ಬಳಸುವ ‘ಅಲ್ಗಾರಿದಮ್’ ಎಂಬ ಪದವೇ ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಝ್ಮಿ ಅವರ ಹೆಸರಿನಿಂದ ಬಂದಿದೆ. ಆದರೆ ಆರಂಭದಲ್ಲೇ ಕೀಲಿಮಣೆಯ ಮೇಲೆ ಆದೇಶಗಳನ್ನು ಟೈಪ್ ಮಾಡಿಸಿದರೆ ಮಗುವಿನ ಗಮನವೆಲ್ಲ ಕಾಗುಣಿತಕ್ಕೇ ಹೋಗುತ್ತದೆ. ಒಂದು ಆವರಣ ಚಿಹ್ನೆ ಬಿಟ್ಟರೂ ಕಂಪ್ಯೂಟರ್ ಮುಂದೆ ಸಾಗುವುದಿಲ್ಲ. ಯೋಚನೆ ಸರಿಯಿದ್ದ ಮಗುವೂ ತನಗೆ ಬುದ್ಧಿಯಿಲ್ಲವೆಂದು ತಿಳಿದುಬಿಡುತ್ತದೆ.

ಇದನ್ನು ಬಲ್ಲವರು ಬಹಳ ಹಿಂದೆಯೇ ದಾರಿ ಹುಡುಕಿದರು. 1967ರಲ್ಲಿ ಅಮೆರಿಕದಲ್ಲಿ ಸೀಮರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ‘ಲೋಗೋ’ ಭಾಷೆಯನ್ನು ರಚಿಸಿದರು. ಮುಂದೆ ಅದರ ಆಮೆ ಗೆರೆ ಎಳೆಯುವುದಕ್ಕೆ ಹೆಸರಾಯಿತು. 1990ರ ದಶಕದಲ್ಲಿ ರ‍್ಯಾಂಡಿ ಪಾಶ್ ಅವರ ತಂಡ ವರ್ಜೀನಿಯಾದಲ್ಲಿ ‘ಆಲಿಸ್’ ತಂತ್ರಾಂಶವನ್ನು ಆರಂಭಿಸಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿತು. 2007ರಲ್ಲಿ ಎಂ.ಐ.ಟಿ.ಯ ಮೀಡಿಯಾ ಲ್ಯಾಬ್‌ನ ಮಿಚೆಲ್ ರೆಸ್ನಿಕ್ ಅವರ ತಂಡ ‘ಸ್ಕ್ರ್ಯಾಚ್’ ಅನ್ನು ಲೋಕಕ್ಕೆ ನೀಡಿತು. ಸ್ಕ್ರ್ಯಾಚ್‌ನಲ್ಲಿ ಆದೇಶಗಳು ಬಣ್ಣದ ತುಂಡುಗಳಾಗಿರುತ್ತವೆ. ಮೌಸ್‌ನಿಂದ ಎಳೆದು ತಂದು ಒಂದರ ಕೆಳಗೊಂದು ಜೋಡಿಸಿದರಾಯಿತು, ಪರದೆಯ ಮೇಲಿನ ಚಿತ್ರ ನಡೆಯುತ್ತದೆ, ಮಾತಾಡುತ್ತದೆ. ಇದು ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ನೀವೆಲ್ಲ ಬಲ್ಲ ಕಥೆಯನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ಬಾಯಾರಿದ ಕಾಗೆ, ಉರ್ದುವಿನಲ್ಲಿ ಪ್ಯಾಸಾ ಕವ್ವಾ. ಹೂಜಿಯಲ್ಲಿ ನೀರು ಕೆಳಗಿದೆ. ಕಾಗೆ ಕಲ್ಲು ಹಾಕುತ್ತಾ ಹೋಗುತ್ತದೆ, ನೀರು ಮೇಲೆ ಬಂದಾಗ ಕುಡಿಯುತ್ತದೆ. ಇದನ್ನು ಸ್ಕ್ರ್ಯಾಚ್‌ನಲ್ಲಿ ಮಾಡಬೇಕಾದರೆ ‘ನೀರು’ ಎಂಬ ಒಂದು ಚರಾಕ್ಷರ ಬೇಕು. ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಆರಂಭದಲ್ಲಿ ಅದರ ಬೆಲೆ 40 ಎನ್ನೋಣ. ಪ್ರತಿ ಕಲ್ಲಿಗೆ 5 ಏರಲಿ. ನೀರು 79ನ್ನು ದಾಟುವವರೆಗೆ ಇದೇ ಕೆಲಸ ಮರಳಿ ಮರಳಿ ನಡೆಯಲಿ. ಎಂಟು ಕಲ್ಲುಗಳಾದ ಮೇಲೆ ಕಾಗೆ ನೀರು ಕುಡಿಯುತ್ತದೆ.

ಈಗ ತಪ್ಪು ಮಾಡಿ ನೋಡಿ. ಆರಂಭದಲ್ಲಿ 40 ಎಂದು ಹೇಳುವ ತುಂಡನ್ನು ತೆಗೆದುಬಿಡಿ. ಕಥೆಯನ್ನು ಮತ್ತೆ ನಡೆಸಿದರೆ ಹಿಂದಿನ 80 ಹಾಗೆಯೇ ಉಳಿದಿರುತ್ತದೆ, ಕಾಗೆ ಒಂದು ಕಲ್ಲನ್ನೂ ಹಾಕದೆ ನೀರು ಕುಡಿದುಬಿಡುತ್ತದೆ! ಇನ್ನೊಂದು ಪ್ರಯೋಗ: ‘79ನ್ನು ದಾಟುವವರೆಗೆ’ ಎನ್ನುವ ಬದಲು ‘80ಕ್ಕೆ ಸಮವಾಗುವವರೆಗೆ’ ಎಂದಿಟ್ಟು, ಪ್ರತಿ ಕಲ್ಲಿಗೆ 6 ಏರಿಸಿ. ನೀರು 76ರಿಂದ 82ಕ್ಕೆ ಜಿಗಿಯುತ್ತದೆ, 80 ಬರುವುದೇ ಇಲ್ಲ. ಪಾಪ, ಕಾಗೆ ಕಲ್ಲು ಹಾಕುತ್ತಲೇ ಇರುತ್ತದೆ. ತರಗತಿ ನಗುತ್ತದೆ. ಆ ನಗು ಯಾವ ಮಗುವಿನ ಮೇಲೂ ಬೀಳುವುದಿಲ್ಲ, ಕಾಗೆಯ ಮೇಲೆ ಬೀಳುತ್ತದೆ. ತಪ್ಪು ಎಲ್ಲಿದೆ ಎಂದು ಮಕ್ಕಳೇ ಹುಡುಕುತ್ತಾರೆ. ದೊಡ್ಡ ಕಂಪನಿಗಳ ಇಂಜಿನಿಯರುಗಳು ಹುಡುಕುವ ದೋಷಗಳಲ್ಲೂ ಇದೇ ಜಾತಿಯವು ಇರುತ್ತವೆ.

ಭಾಷಾ ಶಿಕ್ಷಕರೆ, ಇಲ್ಲಿ ನಮಗೂ ಕೆಲಸವಿದೆ. ಉರ್ದುವನ್ನು ಬಲದಿಂದ ಎಡಕ್ಕೆ ಓದುತ್ತೇವೆ, ಕನ್ನಡವನ್ನು ಎಡದಿಂದ ಬಲಕ್ಕೆ. ಈ ತುಂಡುಗಳನ್ನು ಮೇಲಿನಿಂದ ಕೆಳಕ್ಕೆ. ಉರ್ದುವಿನ ‘ಅಗರ್... ತೋ’, ಕನ್ನಡದ ‘ಮಳೆ ಬಂದರೆ ಕೆರೆ ತುಂಬುತ್ತದೆ’ ಎನ್ನುವಾಗಿನ ‘ಬಂದರೆ’, ಸ್ಕ್ರ್ಯಾಚ್‌ನ ‘ಇಫ್’, ಮೂರರ ಕೆಲಸವೂ ಒಂದೇ. ಮೂವ್, ಸೇ, ವೇಟ್, ರಿಪೀಟ್ ಮುಂತಾದ ಹತ್ತಾರು ಪದಗಳ ಅರ್ಥ ತಿಳಿದರೆ ಪಾಠ ಆರಂಭಿಸಬಹುದು. ಮೊದಲು ಮಗು ಕಥೆಯನ್ನು ತನ್ನ ಮನೆಮಾತಿನಲ್ಲಿ ಹಂತಹಂತವಾಗಿ ಹೇಳಲಿ, ಆಮೇಲೆ ಮೌಸ್ ಹಿಡಿಯಲಿ.

ಕಥೆಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಸಾಕ್ಷಿಯೂ ಇದೆ. ಕೇಟ್ಲಿನ್ ಕೆಲ್ಲೆಹರ್ ಎಂಬ ಸಂಶೋಧಕಿ ಆಲಿಸ್ ಅನ್ನು ಕಥೆ ಹೇಳಲು ಅನುಕೂಲವಾಗುವಂತೆ ಮಾರ್ಪಡಿಸಿ, ಮಾಧ್ಯಮಿಕ ಶಾಲಾ ವಯಸ್ಸಿನ ಬಾಲಕಿಯರಿಗೆ ಕೊಟ್ಟು ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಾಮಾನ್ಯ ಆಲಿಸ್ ಬಳಸಿದವರಿಗಿಂತ ಇವರು ಪ್ರೋಗ್ರಾಮಿಂಗ್‌ನಲ್ಲಿ ಶೇ. 42ರಷ್ಟು ಹೆಚ್ಚು ಸಮಯ ಕಳೆದರು. ಅವಧಿ ಮುಗಿದ ಮೇಲೂ ಕದ್ದುಮುಚ್ಚಿ ಕೆಲಸ ಮುಂದುವರಿಸಿದವರು ಇವರಲ್ಲಿ ಶೇ. 51, ಆ ಗುಂಪಿನಲ್ಲಿ ಶೇ. 16. ಹೆಣ್ಣುಮಕ್ಕಳಿಗೆ ಕಂಪ್ಯೂಟರ್‌ನಲ್ಲಿ ಆಸಕ್ತಿಯಿಲ್ಲ ಎನ್ನುವವರು ಈ ಅಂಕಿಗಳನ್ನು ಗಮನಿಸಬೇಕು.

ಎರಡು ಎಚ್ಚರಿಕೆಗಳು. ಒಂದು, ಕಾಗೆಯ ಬಣ್ಣ ಬದಲಿಸುವುದರಲ್ಲೇ ಅವಧಿ ಕಳೆಯಬಾರದು. ಚಿತ್ರ ಕುಣಿದರೆ ಸಾಲದು, ಏಕೆ ಕುಣಿಯಿತು ಎಂದು ಮಗು ಹೇಳಬೇಕು. ಹತ್ತನೆಯ ತರಗತಿಯ ಹೊತ್ತಿಗೆ ಅದೇ ಕಾಗೆಯ ಕಥೆಯನ್ನು ಪೈಥಾನ್ ಭಾಷೆಯಲ್ಲಿ ಬರೆಯಲು ತೊಡಗಿದರೆ, ಕಾಗುಣಿತ ಹೊಸದಾದರೂ ಯೋಚನೆ ಹಳೆಯದಾಗಿರುತ್ತದೆ. ಎರಡು, ಮೌಸ್ ಯಾರ ಕೈಯಲ್ಲಿದೆ ಎಂದು ನೋಡಿ. ಒಂದು ಯಂತ್ರಕ್ಕೆ ಮೂವರು ಕುಳಿತರೆ ಜೋರಿನ ಹುಡುಗ ಮೌಸ್ ಹಿಡಿಯುತ್ತಾನೆ, ಉಳಿದವರು ನೋಡುತ್ತಾರೆ. ನೋಡಿ ಈಜು ಕಲಿತವರುಂಟೆ? ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಲಿ.

ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಹೊಸ ಯಂತ್ರಗಳಿಗಾಗಿ ಕಾಯಬೇಡಿ. ಇರುವ ಕಂಪ್ಯೂಟರ್ ಕೊಠಡಿಯ ಬೀಗವನ್ನು ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ತೆರೆದಿಡಿ, ಜೊತೆಗೆ ಒಬ್ಬ ಶಿಕ್ಷಕಿಯನ್ನು ನೇಮಿಸಿ. ತಾಯಂದಿರು ನಿಶ್ಚಿಂತೆಯಿಂದ ಮಗಳನ್ನು ಕಳುಹಿಸುತ್ತಾರೆ. ವಿದ್ಯಾರ್ಥಿನಿಯರೆ, ಇಂಗ್ಲಿಷ್ ಬಂದ ಮೇಲೆ ಕಲಿಯುತ್ತೇನೆಂದು ಕೂರಬೇಡಿ. ನಿಮಗೆ ಅಜ್ಜಿ ಹೇಳಿದ ಒಂದು ಕಥೆ ಗೊತ್ತಿದೆಯಲ್ಲ, ಅದರಿಂದಲೇ ಶುರುಮಾಡಿ.