ಬಾನೆಟ್ಟಿನ ಕೆಳಗಣ ಬೆಳಕು



ನಾವು ಈ ಹೊತ್ತು ಮಾತನಾಡಲು ಹೊರಟಿರುವುದು ಬಲು ಚಿಕ್ಕದೊಂದು ವಸ್ತುವಿನ ವಿಷಯ: ಮೋಟಾರು ಗಾಡಿಯ ಬಾನೆಟ್ಟನ್ನೆತ್ತಿ ರಿಪೇರಿ ಮಾಡುವಾಗ ಬೇಕಾಗುವ ದೀಪ. ಗಾಡಿಯನ್ನು ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸುವ ನಾವು, ಅದು ಕೆಟ್ಟು ನಿಂತಾಗ ಯಾವ ಬೆಳಕಿನಲ್ಲಿ ಅದರ ಹೊಟ್ಟೆಯೊಳಕ್ಕೆ ಕೈಯಿಡುತ್ತಾರೆಂದು ಒಮ್ಮೆಯೂ ಕೇಳುವುದಿಲ್ಲ. ಕೇಳದಿದ್ದುದರ ಫಲವನ್ನು ನಾವೇ ಉಂಡೆವು. ಆದಕಾರಣ ಈ ನಾಲ್ಕು ಮಾತು.

ತುಮಕೂರು ಜಿಲ್ಲೆಯ ಉತ್ತರ ಭಾಗವನ್ನು ತಮ್ಮಲ್ಲಿ ಹಲವರು ಬಲ್ಲಿರಿ. ಬೆಂಗಳೂರು-ಪುಣೆ ಹೆದ್ದಾರಿ ಶಿರಾ ಪಟ್ಟಣವನ್ನು ಮುಟ್ಟಿ ಹಿರಿಯೂರಿನತ್ತ ಸಾಗುತ್ತದೆ. ಇನ್ನೊಂದು ದಾರಿ ತುಮಕೂರಿನಿಂದ ಕೊರಟಗೆರೆ, ಮಧುಗಿರಿಗಳನ್ನು ಹಾದು ಪಾವಗಡಕ್ಕೆ ಹೋಗುತ್ತದೆ. ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಜನಸಂಚಾರವುಂಟು. ಮಧುಗಿರಿಯ ಆಚೆಗಾದರೋ ಬಂಡೆಗುಡ್ಡಗಳು, ಕಡಲೆಕಾಯಿಯ ಹೊಲಗಳು. ಇರುಳಾದ ಮೇಲೆ ದೀಪ ಕಾಣಬೇಕಾದರೆ ಮುಂದಿನ ಊರೇ ಬರಬೇಕು.

ಈ ದಾರಿಯಲ್ಲಿ ನಾವು ಒಂದು ರಾತ್ರಿ ಪಾವಗಡದಿಂದ ಹಿಂದಿರುಗುತ್ತಿದ್ದೆವು. ಎಂಜಿನ್ನಿನ ಶಾಖವನ್ನು ತೋರಿಸುವ ಮುಳ್ಳು ಮೇಲೇರಲಾರಂಭಿಸಿತು. ದಾರಿಯ ಪಕ್ಕದ ಗ್ಯಾರೇಜೊಂದರಲ್ಲಿ ನಿಲ್ಲಿಸಿದೆವು. ಅಲ್ಲಿ ಮಾಡಿಗೆ ಕಟ್ಟಿದ ದೊಡ್ಡ ವಿದ್ಯುದ್ದೀಪ ಅಂಗಳವನ್ನೆಲ್ಲ ಹಗಲು ಮಾಡಿತ್ತು. ಮೆಕ್ಯಾನಿಕ್ ಬಾನೆಟ್ಟನ್ನೆತ್ತಿ ಬಗ್ಗಿದ. ಬಗ್ಗಿದೊಡನೆ ಅವನ ತಲೆಯ ನೆರಳು ಎಂಜಿನ್ನನ್ನು ಮುಚ್ಚಿತು. ಪಕ್ಕದ ಹುಡುಗ ಮೊಬೈಲಿನ ಬೆಳಕು ಹಿಡಿದು ನಿಂತ. "ಆ ಕಡೆ ಹಿಡಿಯೋ, ನನ್ನ ಕಣ್ಣಿಗಲ್ಲ!" ಎಂದು ಅವನಿಗೆ ಬೈಗುಳ ಬಿದ್ದದ್ದೇ ಬಿದ್ದದ್ದು. ಸೋರಿಕೆ ಕಾಣಲಿಲ್ಲ. ಎಂಜಿನ್ ಆರಿದ ಮೇಲೆ ನೀರು ಹೊಯ್ದು ಕಳುಹಿಸಿದರು. ಹತ್ತು ಮೈಲಿ ಬರುವಷ್ಟರಲ್ಲಿ ಗಾಡಿ ಹಬೆಯುಗುಳುತ್ತ ನಿಂತಿತು.

ಬಹಳ ಹೊತ್ತಿನ ಮೇಲೆ ಹತ್ತಿರದ ಹಳ್ಳಿಯಿಂದ ವಯಸ್ಸಾದ ಮೆಕ್ಯಾನಿಕರೊಬ್ಬರು ಹುಡುಗನೊಬ್ಬನನ್ನು ಕರೆದುಕೊಂಡು ಬಂದರು. ಅವರ ದೀಪ ಗೇಣುದ್ದದ್ದು. ಅದನ್ನು ಅವರು ರೇಡಿಯೇಟರಿನ ಹಿಂದೆ, ಕೆಳಮಟ್ಟದಲ್ಲಿ, ಕೊಕ್ಕೆಯಿಂದ ಸಿಕ್ಕಿಸಿದರು. ಯಾರೂ ಹಿಡಿದು ನಿಲ್ಲಬೇಕಾಗಲಿಲ್ಲ. ಕೈ ಬಿಡುವಾದ ಹುಡುಗನೂ ಬಗ್ಗಿ ನೋಡಿದ. "ಅಣ್ಣೋ, ಇಲ್ ನೋಡು, ಹಸ್ರು ನೀರು ಇಳೀತೈತೆ" ಎಂದ. ಕೆಳಗಣ ರಬ್ಬರ್ ಕೊಳವೆಯ ಅಡಿಮೈಯಲ್ಲಿ ಕೂದಲೆಳೆಯ ಬಿರುಕು! ಮೊದಲಿನ ಗ್ಯಾರೇಜಿನಲ್ಲಿ ಬೆಳಕಿಗೆ ಕೊರತೆಯಿರಲಿಲ್ಲ. ಬೆಳಕು ಬೇಕಾದ ಎಡೆಯಲ್ಲಿರಲಿಲ್ಲ, ಅಷ್ಟೆ.

ಕೆಲಸದ ದೀಪವನ್ನು ಆರಿಸುವವರು ಮೊದಲು ತಿಳಿಯತಕ್ಕದ್ದು ಇದನ್ನೇ. ಅಂಗಡಿಯವನು ಲ್ಯೂಮೆನ್ ಎಂಬ ಲೆಕ್ಕವನ್ನು ಹೇಳುತ್ತಾನೆ. ಅದು ದೀಪದಿಂದ ಹೊರಡುವ ಒಟ್ಟು ಬೆಳಕಿನ ಅಳತೆ. ಹಳೆಯ 60 ವಾಟಿನ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಆದರೆ ಕೆಲಸದ ಮೇಲೆ ಬೀಳುವ ಬೆಳಕು ದೂರವನ್ನು ಅವಲಂಬಿಸಿದೆ. ಚಿಕ್ಕ ದೀಪವನ್ನು ಒಂದು ಅಡಿಯಿಂದ ಎರಡು ಅಡಿಗೆ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಆದಕಾರಣ ದೂರದ ದೊಡ್ಡ ದೀಪಕ್ಕಿಂತ ಸಮೀಪದ ಸಣ್ಣ ದೀಪ ಮೇಲು. ಕೈಯಳತೆಯ ಕೆಲಸಕ್ಕೆ 300ರಿಂದ 500 ಲ್ಯೂಮೆನ್ ಬಹುಮಟ್ಟಿಗೆ ಸಾಕು. ಅದಕ್ಕೆ ಮೀರಿದ್ದು ಹೊಳೆಯುವ ಲೋಹದಿಂದ ಪುಟಿದು ಕಣ್ಣನ್ನು ಕುಕ್ಕುತ್ತದೆ. ಕಣ್ಣಿನ ಪಾಪೆ ಕಿರಿದಾಗಿ, ನೆರಳಿನಲ್ಲಿರುವ ನಟ್ಟು ಇನ್ನಷ್ಟು ಮರೆಯಾಗುತ್ತದೆ. ಬೆಳಕನ್ನು ಹೆಚ್ಚುಕಡಮೆ ಮಾಡುವ ಅನುಕೂಲವಿದ್ದರೆ ಒಳ್ಳೆಯದು.

ಎರಡನೆಯದು, ದೀಪ ತಾನಾಗಿ ನಿಲ್ಲಬೇಕು. ಅಯಸ್ಕಾಂತದ ಬುಡವುಳ್ಳ ದೀಪಗಳು ಈಗ ಹೇರಳವಾಗಿವೆ. ಆದರೆ ಕೆಲವು ಗಾಡಿಗಳ ಬಾನೆಟ್ಟು ಅಲ್ಯೂಮಿನಿಯಮ್ಮಿನದು. ಎಂಜಿನ್ನಿನ ಮೇಲುಮುಚ್ಚಳ ಎಷ್ಟೋ ವೇಳೆ ಪ್ಲಾಸ್ಟಿಕ್ಕಿನದು. ಇವುಗಳಿಗೆ ಅಯಸ್ಕಾಂತ ಅಂಟದು. ಕೊಕ್ಕೆಯೂ ಬಾಗುವ ಕತ್ತೂ ಇರುವ ದೀಪವನ್ನು ಕೇಳಿ ಪಡೆಯಬೇಕು.

ಮೂರನೆಯದು ಬಣ್ಣ. ಇಂದಿನ ಎಲ್‌ಇಡಿ ದೀಪಗಳ ಬಿಳುಪು ಬಹುಮಟ್ಟಿಗೆ ನೀಲಿ ಬೆಳಕಿಗೆ ಹಳದಿಯನ್ನು ಬೆರೆಸಿದ ಬಿಳುಪು. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅಗ್ಗದ ದೀಪಗಳಲ್ಲಿ ಕೆಂಪು ಬೆಳಕು ಕಡಮೆ. ಆಗ ಕೆಂಪು ತಂತಿಯೂ ಕಂದು ತಂತಿಯೂ ಒಂದೇ ಆಗಿ ತೋರುತ್ತವೆ. ಎಣ್ಣೆಯ ತೊಟ್ಟಾವುದು, ನೀರಿನ ತೊಟ್ಟಾವುದು ಎಂಬ ವಿವೇಚನೆಯೂ ಕೆಡುತ್ತದೆ. ಬಣ್ಣವನ್ನು ನಿಜವಾಗಿ ತೋರಿಸುವ ಗುಣಕ್ಕೆ ನೂರರವರೆಗೆ ಒಂದು ಅಂಕವುಂಟು, ಸಿ.ಆರ್.ಐ. ಎಂದು ಅದರ ಹೆಸರು; 90ಕ್ಕೆ ಮೇಲ್ಪಟ್ಟಿದ್ದರೆ ಉತ್ತಮ. ಅಂಕ ಬರೆದಿರದಿದ್ದರೆ ಅಂಗಡಿಯಲ್ಲಿಯೇ ದೀಪವನ್ನು ನಿಮ್ಮ ಅಂಗೈಯ ಮೇಲೆ ಬಿಟ್ಟು ನೋಡಿರಿ. ರಕ್ತವಿಲ್ಲದಂತೆ ಬೂದುಬಣ್ಣ ತೋರಿದರೆ ಹಿಂದಿರುಗಿಸಿ ಬನ್ನಿರಿ.

ಇನ್ನು ಪ್ರಾಣಕ್ಕೆ ಸಂಬಂಧಪಟ್ಟ ಮಾತು. ಉದ್ದ ತಂತಿಯ ಕೊನೆಗೆ ಬಲ್ಬನ್ನು ಕಟ್ಟಿ ಎಂಜಿನ್ನಿನೊಳಕ್ಕೆ ಇಳಿಬಿಡುವ ಪದ್ಧತಿ ಹಳೆಯದು. ಆ ಬಲ್ಬು ಕೈಸುಡುವಷ್ಟು ಕಾಯುತ್ತದೆ. ಗಾಜು ಒಡೆದು ಪೆಟ್ರೋಲಿನ ಆವಿ ತಾಗಿದರೆ ಬೆಂಕಿ. ತಂತಿಯ ಹೊದಿಕೆ ಸವೆದು, ಒದ್ದೆ ನೆಲದಲ್ಲಿ ನಿಂತವನಿಗೆ 230 ವೋಲ್ಟಿನ ವಿದ್ಯುತ್ತು ತಾಗಿದರೆ ಹೇಳತಕ್ಕದ್ದೇನು? ಬ್ಯಾಟರಿಯ ಎಲ್‌ಇಡಿ ದೀಪ ಈ ಭಯವನ್ನು ಬಹಳ ಮಟ್ಟಿಗೆ ಕಳೆದಿದೆ, ಪೂರ್ತಿಯಾಗಿ ಅಲ್ಲ. ಪೆಟ್ರೋಲಿನ ವಾಸನೆ ಬಂದಾಗ ಯಾವ ದೀಪದ ಗುಂಡಿಯನ್ನೂ ಒತ್ತದೆ ಗಾಳಿಯಾಡಲು ಬಿಡತಕ್ಕದ್ದು. ರೇಡಿಯೇಟರಿನ ವಿದ್ಯುತ್ ಫ್ಯಾನು ಎಂಜಿನ್ ನಿಂತ ಮೇಲೆಯೂ ತಾನಾಗಿ ತಿರುಗುವುದುಂಟು. ಅದರ ಬಳಿ ದೀಪವನ್ನಾಗಲಿ ಕೈಯನ್ನಾಗಲಿ ಇಡಕೂಡದು. ಗೋಡೆಯ ವಿದ್ಯುತ್ತಿನಿಂದ ಉರಿಯುವ ಕೆಲವು ಕಳಪೆ ದೀಪಗಳು ಕ್ಷಣಕ್ಕೆ ನೂರು ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯದು. ಆದರೆ ಆ ಬೆಳಕಿನಲ್ಲಿ ತಿರುಗುವ ಚಕ್ರ ನಿಂತಂತೆ ತೋರಬಹುದು. ಎಷ್ಟು ಅಪಾಯವೆಂಬುದನ್ನು ವಿವರಿಸಬೇಕಾಗಿಲ್ಲ.

ಕೊಳ್ಳುವ ಮುನ್ನ ಇನ್ನೆರಡು ಪ್ರಶ್ನೆ ಕೇಳಿರಿ. ಪೂರ್ಣ ಬೆಳಕಿನಲ್ಲಿ ದೀಪ ಎಷ್ಟು ಗಂಟೆ ನಿಲ್ಲುತ್ತದೆ? ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ಎಷ್ಟೋ ವೇಳೆ ಮಂದ ಬೆಳಕಿನ ಲೆಕ್ಕವಾಗಿರುತ್ತದೆ. ಐ.ಪಿ. ಎಂಬ ಗುರುತಿನ ಮುಂದಿರುವ ಎರಡು ಅಂಕಿಗಳೇನು? ಮೊದಲನೆಯದು ಧೂಳಿನ ತಡೆ, ಎರಡನೆಯದು ನೀರಿನ ತಡೆ. ಶಿರಾ, ಪಾವಗಡಗಳ ಧೂಳಿಗೆ ಮೊದಲ ಅಂಕಿ 6 ಇರುವುದು ಲೇಸು.

ನಮ್ಮ ನಾಡು ವಿದ್ಯುತ್ತಿನಲ್ಲಿ ಹಿಂದುಳಿದದ್ದಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇದೇ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ, 2018ರಲ್ಲಿ ಉದ್ಘಾಟನೆಯಾದ ಸೌರವಿದ್ಯುತ್ ಸ್ಥಾವರ 2,000 ಮೆಗಾವಾಟಿನ ಶಕ್ತಿಗೆ ಬೆಳೆದಿದೆ. ಅದರ ನೆರೆಯ ರಸ್ತೆಯಲ್ಲಿಯೇ ನಾವು ಕತ್ತಲಲ್ಲಿ ಕುಳಿತಿದ್ದೆವು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಬೇರೆ ನಿದರ್ಶನ ಬೇಕೆ? ಬಿಸಿಲು ಹಗಲಿನ ಸಂಪತ್ತು; ಅದನ್ನು ಇರುಳಿಗೆ ಉಳಿಸಿಡುವ ಹೊಣೆ ನಮ್ಮದು. ಹಗಲಿನಲ್ಲಿ ಚಾರ್ಜು ಮಾಡಿದ ಒಂದು ಸಣ್ಣ ದೀಪವನ್ನು ತಮ್ಮ ತಮ್ಮ ಗಾಡಿಯಲ್ಲಿ ಇಟ್ಟುಕೊಂಡಿದ್ದರೆ, ಅದು ಮೆಕ್ಯಾನಿಕನ ಕಣ್ಣಿಗೂ ಕೈಗೂ ನಾವು ಮಾಡುವ ಉಪಕಾರ. ನಮ್ಮ ಜೀವಕ್ಕೂ ರಕ್ಷೆ.

ಕೊನೆಗೊಂದು ಮಾತು. ಮೊದಲ ಗ್ಯಾರೇಜಿನ ಹುಡುಗ ಬೆಳಕು ಹಿಡಿದು ನಿಂತು ಬೈಸಿಕೊಂಡ. ಕೆಲಸ ಅವನಿಗೆ ಕಾಣಲಿಲ್ಲ. ಎರಡನೆಯವನು ಬಿರುಕನ್ನು ಕಂಡುಹಿಡಿದ. ದೀಪವನ್ನು ಕೊಕ್ಕೆಗೆ ಸಿಕ್ಕಿಸಿದರೆ ಹುಡುಗ ಕೆಲಸವನ್ನು ಕಲಿತಾನು. ಹೊಸ ದೀಪವನ್ನು ಕೊಳ್ಳಲು ಈ ಒಂದು ಕಾರಣವೇ ಸಾಕೆಂದು ನಮಗೆ ತೋರುತ್ತದೆ.